ಮಕ್ಕಳಿಗೆ ಅಮಾಕ್ಸಿಸಿಲಿನ್–ಕ್ಲಾವುಲಾನೇಟ್: ಬಾಟಲಿಯ ಮೇಲಿನ ಸಂಖ್ಯೆ, ಭೇದಿ ಮತ್ತು ಹಳೆಯ ದದ್ದು

ಪ್ರಶ್ನೆ: ನನ್ನ ಮಗಳಿಗೆ ಮೂರು ವರ್ಷ ಎರಡು ತಿಂಗಳು; ತೂಕ 13 ಕೆ.ಜಿ. ಕಿವಿನೋವು, ಜ್ವರದ ಜೊತೆಗೆ ಕಣ್ಣು ಕೆಂಪಾಗಿ ಪಿಸುರು ಬರುತ್ತಿದ್ದುದರಿಂದ ಮಕ್ಕಳ ವೈದ್ಯರು ಅಮಾಕ್ಸಿಸಿಲಿನ್–ಕ್ಲಾವುಲಾನೇಟ್ 457 ಡ್ರೈ ಸಿರಪ್ಪನ್ನು 3.5 ಮಿ.ಲೀ.ನಂತೆ ದಿನಕ್ಕೆರಡು ಸಲ, ಏಳು ದಿನ ಕೊಡಲು ಬರೆದುಕೊಟ್ಟರು. ಮೆಡಿಕಲ್ ಶಾಪಿನಲ್ಲಿ ಅದು ಇಲ್ಲವೆಂದು ಬೇರೆ ಕಂಪನಿಯ 228.5 ಕೊಟ್ಟು, ಎರಡೂ ಒಂದೇ ಎಂದರು. ಎರಡು ದಿನದಿಂದ ಅದನ್ನೇ 3.5 ಮಿ.ಲೀ. ಕೊಡುತ್ತಿದ್ದೇನೆ. ಜ್ವರ ಬಿಟ್ಟಿದೆ, ಆದರೆ ದಿನಕ್ಕೆ ನಾಲ್ಕೈದು ಸಲ ತೆಳ್ಳಗೆ ಭೇದಿಯಾಗುತ್ತಿದೆ. ಔಷಧ ಉಷ್ಣವಾಗಿದೆ, ನಿಲ್ಲಿಸು ಎಂದು ಅತ್ತೆಯವರು ಹೇಳುತ್ತಿದ್ದಾರೆ. ಕಳೆದ ವರ್ಷ ಬರೀ ಅಮಾಕ್ಸಿಸಿಲಿನ್ ಕೊಟ್ಟಾಗ ಐದನೆಯ ದಿನ ಮೈಮೇಲೆ ಕೆಂಪು ಚುಕ್ಕೆಗಳೆದ್ದಿದ್ದವು, ಅದು ಅಲರ್ಜಿಯೇ? ಬಾಟಲಿ ಮುಗಿದರೆ ಮನೆಯಲ್ಲಿ ಉಳಿದಿರುವ ಯಜಮಾನರ 625 ಮಾತ್ರೆಯನ್ನು ಮುರಿದು ಕೊಡಬಹುದೇ?

ಉತ್ತರ: ಮೊದಲು ಬಾಟಲಿಯ ಮೇಲಿನ ಸಂಖ್ಯೆಯ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಅದನ್ನು ಇವತ್ತೇ ಸರಿಪಡಿಸಬೇಕಾಗಿದೆ. 457 ಎಂದು ಬರೆದ ಸಿರಪ್ಪಿನ ಪ್ರತಿ 5 ಮಿ.ಲೀ.ನಲ್ಲಿ 400 ಮಿ.ಗ್ರಾಂ. ಅಮಾಕ್ಸಿಸಿಲಿನ್ ಮತ್ತು 57 ಮಿ.ಗ್ರಾಂ. ಕ್ಲಾವುಲಾನಿಕ್ ಆಮ್ಲ (ಕ್ಲಾವುಲಾನೇಟ್ ಎನ್ನುವುದೂ ಇದನ್ನೇ) ಇರುತ್ತವೆ, 228.5 ಎಂಬುದರಲ್ಲಿ ಅದೇ 5 ಮಿ.ಲೀ.ಗೆ 200 ಮತ್ತು 28.5. ಔಷಧಗಳು ಅವೇ, ಎರಡರ ಅನುಪಾತವೂ ಅದೇ. ಗಾಢತೆ ಮಾತ್ರ ಸರಿಯಾಗಿ ಅರ್ಧ. ನಿಮ್ಮ ವೈದ್ಯರು ಬರೆದಂತೆ 457ರ ಸಿರಪ್ಪನ್ನು 3.5 ಮಿ.ಲೀ.ನಂತೆ ಎರಡು ಸಲ ಕೊಟ್ಟಿದ್ದರೆ ಮಗುವಿಗೆ ದಿನಕ್ಕೆ 560 ಮಿ.ಗ್ರಾಂ. ಅಮಾಕ್ಸಿಸಿಲಿನ್, ಎಂದರೆ ಪ್ರತಿ ಕೆ.ಜಿ. ತೂಕಕ್ಕೆ ಸುಮಾರು 43 ಮಿ.ಗ್ರಾಂ. ಸಿಗುತ್ತಿತ್ತು. ಈಗ ಸಿಗುತ್ತಿರುವುದು ಕೆ.ಜಿ.ಗೆ 21.5 ಮಿ.ಗ್ರಾಂ. ಮಾತ್ರ. ದಿನಕ್ಕೆರಡು ಸಲ ಕೊಡುವ ಈ ಬಗೆಯ ಸಿರಪ್ಪಿನ ರೂಢಿಯ ಪ್ರಮಾಣ ಕೆ.ಜಿ.ಗೆ ದಿನವೊಂದಕ್ಕೆ 25ರಿಂದ 45 ಮಿ.ಗ್ರಾಂ.; ಕಿವಿಯ ಸೋಂಕಿಗೆ ಅದರ ಮೇಲಿನ ತುದಿಯನ್ನೇ, ಕೆಲವೊಮ್ಮೆ ಅದಕ್ಕೂ ಹೆಚ್ಚನ್ನು ಆರಿಸುತ್ತಾರೆ. ಆದ್ದರಿಂದ ನಿಮ್ಮ ಮಗು ಎರಡು ದಿನಗಳಿಂದ ಅರ್ಧ ಡೋಸಿನಲ್ಲಿದೆ.

ಇಂದೇ ನಿಮ್ಮ ವೈದ್ಯರಿಗೆ ಕರೆಮಾಡಿ, ಬಾಟಲಿಯ ಮೇಲಿನ ಬರಹವನ್ನು ಓದಿ ಹೇಳಿ. ಲೆಕ್ಕದ ಪ್ರಕಾರ 457ರ 3.5 ಮಿ.ಲೀ.ಗೆ ಸಮನಾದದ್ದು 228.5ರ 7 ಮಿ.ಲೀ.; ಅವರು ಅದನ್ನೇ ಹೇಳಬಹುದು, ಅಥವಾ 457 ಸಿಗುವಂತಿದ್ದರೆ ಅದನ್ನೇ ತರಿಸಲು ಹೇಳಬಹುದು. ಕಡಿಮೆಯಾದ ಎರಡು ದಿನಗಳ ಕೊರತೆಯನ್ನು ತುಂಬಲು ಹೆಚ್ಚುವರಿ ಡೋಸ್ ಕೊಡಬೇಡಿ. ಏಳು ದಿನಗಳನ್ನು ಎಂದಿನಿಂದ ಎಣಿಸಬೇಕೆಂಬುದನ್ನೂ ಅವರನ್ನೇ ಕೇಳಿ. ಕಂಪನಿ ಬದಲಾಗುವುದರಲ್ಲಿ ತಪ್ಪೇನಿಲ್ಲ. ಸಂಖ್ಯೆ ಬದಲಾದಾಗ ಮಿ.ಲೀ. ಕೂಡ ಬದಲಾಗಬೇಕು, ಅಷ್ಟೆ. ಅಂಗಡಿಯವರು ಹೇಳಬೇಕಿದ್ದ ಈ ಮಾತು ಎಷ್ಟೋ ಕಡೆ ಹೇಳದೆಯೇ ಉಳಿಯುತ್ತದೆ. ನಿಮ್ಮದು ಕಡಿಮೆಯಾದ ಪ್ರಕರಣ. 228.5ಕ್ಕೆಂದು ಬರೆದ 7 ಮಿ.ಲೀ.ಯನ್ನು 457ರಿಂದ ಅಳೆದು ಕೊಟ್ಟರೆ ಆಗುವುದು ಇದಕ್ಕೆ ತದ್ವಿರುದ್ಧ.

ಔಷಧದ ಹೆಸರಿನಲ್ಲಿಯೂ ಒಂದು ತೊಡಕಿದೆ. ಬ್ರ್ಯಾಂಡ್ ಹೆಸರಿನ ಕೊನೆಯಲ್ಲಿ ಬರುವ ‘ಸಿ.ವಿ.’ ಎಂಬ ಅಕ್ಷರಗಳು ಸಾಮಾನ್ಯವಾಗಿ ಕ್ಲಾವುಲಾನೇಟ್ ಇದೆ ಎಂಬುದನ್ನಷ್ಟೇ ಹೇಳುತ್ತವೆ. ಅದರ ಜೊತೆಗಿರುವುದು ಅಮಾಕ್ಸಿಸಿಲಿನ್ನೋ, ಸೆಫಿಕ್ಸಿಮ್ಮೋ, ಸೆಫ್ಪೊಡಾಕ್ಸಿಮ್ಮೋ ಎಂಬುದನ್ನು ಅವು ಹೇಳುವುದಿಲ್ಲ. ಹಾಗೆಯೇ ಅಮಾಕ್ಸಿಸಿಲಿನ್–ಕ್ಲಾಕ್ಸಾಸಿಲಿನ್ ಎಂಬ ಇನ್ನೊಂದು ಜೋಡಿಯೂ ಮಾರುಕಟ್ಟೆಯಲ್ಲಿದೆ. ಹೆಸರು ಹತ್ತಿರದಲ್ಲಿದ್ದರೂ ಅದು ಬೇರೆಯೇ ಔಷಧ. ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರನ್ನು ಬಿಟ್ಟು, ಅದರ ಕೆಳಗೆ ಸಣ್ಣದಾಗಿ ಅಚ್ಚಾಗಿರುವ ರಾಸಾಯನಿಕ ಹೆಸರುಗಳನ್ನೂ ಪ್ರತಿ 5 ಮಿ.ಲೀ.ಗೆ ಎಷ್ಟು ಮಿ.ಗ್ರಾಂ. ಎಂಬ ಸಾಲನ್ನೂ ಓದಿಕೊಳ್ಳಿ.

ಇಷ್ಟು ಹೇಳಿದ ಮೇಲೆ, ಈ ಜೋಡಿಯಲ್ಲಿ ಎರಡನೆಯ ಔಷಧ ಏಕಿದೆ ಎಂಬುದನ್ನು ವಿವರಿಸಬೇಕು. ನೀವು ಕೇಳಿರುವ ಭೇದಿ, ಮಾತ್ರೆ ಮುರಿಯುವ ವಿಚಾರ, ಬಾಟಲಿಯ ಬಾಳಿಕೆ ಎಲ್ಲದರ ಮೂಲ ಅಲ್ಲೇ ಇದೆ. ಅಮಾಕ್ಸಿಸಿಲಿನ್ ಪೆನ್ಸಿಲಿನ್ ಕುಟುಂಬಕ್ಕೆ ಸೇರಿದ್ದು. ಬ್ಯಾಕ್ಟೀರಿಯಾ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳದಂತೆ ತಡೆದು ಅದನ್ನು ಕೊಲ್ಲುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಬೀಟಾ–ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ತಯಾರಿಸಿ, ಕತ್ತರಿಯಂತೆ ಅಮಾಕ್ಸಿಸಿಲಿನ್ನಿನ ಮುಖ್ಯ ಭಾಗವನ್ನೇ ತುಂಡರಿಸಿಬಿಡುತ್ತವೆ. ಕ್ಲಾವುಲಾನಿಕ್ ಆಮ್ಲ ಆ ಕತ್ತರಿಯ ಬಾಯಿಗೆ ಸಿಕ್ಕಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಅದನ್ನು ಸ್ಟ್ರೆಪ್ಟೊಮೈಸಿಸ್ ಕ್ಲಾವುಲಿಜೆರಸ್ ಎಂಬ ಸೂಕ್ಷ್ಮಜೀವಿಯಿಂದ 1970ರ ದಶಕದಲ್ಲಿ ಬ್ರಿಟನ್ನಿನ ಬೀಚಮ್ ಕಂಪನಿಯ ವಿಜ್ಞಾನಿಗಳು ಬೇರ್ಪಡಿಸಿದರು. 1981ರಲ್ಲಿ ಈ ಜೋಡಿ ಔಷಧ ಮಾರುಕಟ್ಟೆಗೆ ಬಂತು. ಕ್ಲಾವುಲಾನಿಕ್ ಆಮ್ಲಕ್ಕೆ ತಾನಾಗಿಯೇ ಬ್ಯಾಕ್ಟೀರಿಯಾವನ್ನು ಕೊಲ್ಲುವ ಶಕ್ತಿ ತೀರಾ ಅಲ್ಪ. ಹಾಗಾಗಿ ‘ಪವರ್ ಜಾಸ್ತಿ ಇರುವ ಅಮಾಕ್ಸಿಸಿಲಿನ್’ ಎಂದು ಜನ ಇದನ್ನು ಕರೆಯುವುದು ಸರಿಯಲ್ಲ. ಆ ಕಿಣ್ವವನ್ನು ತಯಾರಿಸುವ ಬ್ಯಾಕ್ಟೀರಿಯಾ ಇರುವಲ್ಲಿ ಇದರಿಂದ ಲಾಭವಿದೆ. ಇಲ್ಲದಲ್ಲಿ ಮಗುವಿಗೆ ಹೆಚ್ಚಾಗಿ ದಕ್ಕುವುದು ಭೇದಿ ಮಾತ್ರ.

ಗಂಟಲುನೋವಿಗೆ ಕಾರಣವಾಗುವ ಸ್ಟ್ರೆಪ್ಟೊಕಾಕಸ್ ಈ ಕಿಣ್ವವನ್ನು ತಯಾರಿಸುವುದಿಲ್ಲ. ಅದಕ್ಕೆ ಬರೀ ಪೆನ್ಸಿಲಿನ್ ಅಥವಾ ಅಮಾಕ್ಸಿಸಿಲಿನ್ ಸಾಕು. ಕಿವಿ, ಶ್ವಾಸಕೋಶಗಳ ಸೋಂಕು ತರುವ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಿರುವುದು ಬೇರೆಯೇ ಉಪಾಯದಿಂದ. ಅಲ್ಲಿ ಬೇಕಾಗುವುದು ಅಮಾಕ್ಸಿಸಿಲಿನ್ನಿನ ಹೆಚ್ಚಿನ ಪ್ರಮಾಣ, ಕ್ಲಾವುಲಾನೇಟ್ ಅಲ್ಲ. ಮನೆಯಲ್ಲೇ ಚಿಕಿತ್ಸೆ ಕೊಡಬಹುದಾದ ನ್ಯುಮೋನಿಯಾಕ್ಕೂ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಮೊದಲ ಆಯ್ಕೆಯಾಗಿ ಸೂಚಿಸುವುದು ಬರೀ ಅಮಾಕ್ಸಿಸಿಲಿನ್ ಅನ್ನೇ. ನೆಗಡಿ, ಕೆಮ್ಮು, ಹೆಚ್ಚಿನ ಜ್ವರಗಳು ವೈರಸ್ಸಿನಿಂದ ಬರುವಂಥವಾದ್ದರಿಂದ ಅಲ್ಲಿ ಎರಡೂ ಬೇಡ. ಸಿಂಬಳ ಹಸಿರಾಯಿತೆಂಬ ಒಂದೇ ಕಾರಣಕ್ಕೂ ಬೇಡ. ಹತ್ತು ದಿನ ಕಳೆದರೂ ಕಡಿಮೆಯಾಗದ ಅಥವಾ ಗುಣವಾಗುತ್ತ ಬಂದು ಮತ್ತೆ ಹೆಚ್ಚಾದ ನೆಗಡಿಯಲ್ಲಿ ಸೈನಸ್ಸಿನ ಸೋಂಕಿರಬಹುದೆಂದು ವೈದ್ಯರು ಯೋಚಿಸುತ್ತಾರೆ.

ನಿಮ್ಮ ವೈದ್ಯರು ಈ ಜೋಡಿಯನ್ನು ಆರಿಸಿದ್ದಕ್ಕೆ ನೀವು ಬರೆದಿರುವ ಲಕ್ಷಣಗಳಲ್ಲಿಯೇ ಸಮರ್ಥನೆ ಕಾಣುತ್ತದೆ. ಕಿವಿಯ ಸೋಂಕಿನ ಜೊತೆಗೆ ಕಣ್ಣಿನಲ್ಲಿ ಪಿಸುರು ಬರುತ್ತಿದ್ದರೆ ಅದಕ್ಕೆ ಅನೇಕ ಸಲ ಕಾರಣವಾಗಿರುವುದು ಹೀಮೊಫಿಲಸ್ ಇನ್‌ಫ್ಲುಯೆಂಜಾ ಎಂಬ ಬ್ಯಾಕ್ಟೀರಿಯಾ; ಅದರ ಹಲವು ತಳಿಗಳು ಬೀಟಾ–ಲ್ಯಾಕ್ಟಮೇಸ್ ತಯಾರಿಸುತ್ತವೆ. ಕಳೆದ ಮೂವತ್ತು ದಿನಗಳೊಳಗೆ ಮಗು ಅಮಾಕ್ಸಿಸಿಲಿನ್ ತೆಗೆದುಕೊಂಡಿದ್ದರೆ ಅಥವಾ ಅದು ಫಲಿಸದೆ ಹೋಗಿದ್ದರೆ ಆಗಲೂ ಕ್ಲಾವುಲಾನೇಟ್ ಸೇರಿಸುವುದು ನ್ಯಾಯವೇ. ಇದ್ಯಾವುದೂ ಇಲ್ಲದ, ಎರಡು ವರ್ಷ ದಾಟಿದ, ನೋವು–ಜ್ವರ ಅಷ್ಟಾಗಿ ಇಲ್ಲದ ಮಗುವಿನ ಕಿವಿನೋವಿಗೆ ಪ್ಯಾರಾಸಿಟಮಾಲ್ ಕೊಟ್ಟು ಎರಡು ಮೂರು ದಿನ ಕಾದು ನೋಡುವ ಕ್ರಮವೂ ಇದೆ. ಅನೇಕ ಮಕ್ಕಳಿಗೆ ಅಷ್ಟರಲ್ಲಿ ತಾನಾಗಿಯೇ ಗುಣವಾಗುತ್ತದೆ. ಇದನ್ನು ಹೇಳುವುದಕ್ಕೆ ಇನ್ನೊಂದು ಕಾರಣವಿದೆ: ಅರ್ಧ ಡೋಸಿನಲ್ಲಿಯೇ ಜ್ವರ ಬಿಟ್ಟಿತು ಎಂಬುದರಿಂದ ಅರ್ಧ ಡೋಸ್ ಸಾಕು ಎಂದು ತೀರ್ಮಾನಿಸುವಂತಿಲ್ಲ. ಸಂದರ್ಭ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನಾಗಲಿ ಕೊಬ್ಬರಿ ಎಣ್ಣೆಯನ್ನಾಗಲಿ ಈ ಕಿವಿಗೆ ಬಿಡಬೇಡಿ. ತಮಟೆಯಲ್ಲಿ ತೂತಾಗಿದ್ದರೆ ಅದು ನೇರವಾಗಿ ತಮಟೆಯ ಹಿಂದಿನ ಮಧ್ಯಕಿವಿಗೆ ಇಳಿಯುತ್ತದೆ. ತೂತಾಗಿಲ್ಲದಿದ್ದರೂ ಮರುದಿನ ತಮಟೆಯನ್ನು ನೋಡಬೇಕಾದ ವೈದ್ಯರಿಗೆ ಎಣ್ಣೆಯೇ ಕಾಣುತ್ತದೆ.

ಈಗ ಭೇದಿ. ಔಷಧದಿಂದಲೇ ಹೀಗಾಗಿದೆ ಎಂಬ ನಿಮ್ಮ ಅತ್ತೆಯವರ ಊಹೆ ಬಹುಶಃ ಸರಿ. ಅದಕ್ಕಾಗಿ ಔಷಧ ನಿಲ್ಲಿಸಬೇಕೆಂಬುದು ಸರಿಯಲ್ಲ. ಬರೀ ಅಮಾಕ್ಸಿಸಿಲಿನ್‌ಗಿಂತ ಈ ಜೋಡಿಯಲ್ಲಿ ಭೇದಿ ಹೆಚ್ಚು, ಮತ್ತು ಅದು ಕ್ಲಾವುಲಾನೇಟಿನ ಪ್ರಮಾಣದೊಂದಿಗೆ ಏರುತ್ತದೆ. ಕ್ಲಾವುಲಾನೇಟ್ ದಿನಕ್ಕೆ ಕೆ.ಜಿ.ಗೆ ಸುಮಾರು 10 ಮಿ.ಗ್ರಾಂ. ಮೀರದಂತೆ ನೋಡಿಕೊಳ್ಳುವುದು ವೈದ್ಯರ ರೂಢಿ. ನಿಮ್ಮ ಮಗುವಿಗೆ ಸರಿಯಾದ ಡೋಸ್ ಕೊಟ್ಟಾಗಲೂ ಅದು ಕೆ.ಜಿ.ಗೆ ಸುಮಾರು 6 ಮಿ.ಗ್ರಾಂ. ಆಗುತ್ತದೆ, ಆದ್ದರಿಂದ ಡೋಸನ್ನು ಸರಿಪಡಿಸಿದರೆ ಭೇದಿ ವಿಪರೀತವಾಗುತ್ತದೆಂದು ಹೆದರಬೇಕಾಗಿಲ್ಲ, ಸ್ವಲ್ಪ ಹೆಚ್ಚಾಗುವ ಸಾಧ್ಯತೆಯನ್ನು ಮಾತ್ರ ತಿಳಿದಿರಿ. ಔಷಧವನ್ನು ಊಟದ ಮೊದಲ ತುತ್ತುಗಳ ಜೊತೆಗೇ ಕೊಡಿ. ಹೊಟ್ಟೆಗೆ ಹಿತವೆನ್ನುವುದರ ಜೊತೆಗೆ ಕ್ಲಾವುಲಾನೇಟ್ ಆಗ ಚೆನ್ನಾಗಿ ಹೀರಿಕೆಯಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಬೇಗ ಕೆಲಸ ಮಾಡುತ್ತದೆ ಎಂಬ ನಂಬಿಕೆ ಈ ಔಷಧಕ್ಕೆ ಹೊಂದುವುದಿಲ್ಲ. ಹಾಲಿನಿಂದಲೂ ಇದಕ್ಕೆ ತೊಂದರೆಯಿಲ್ಲ.

ಪ್ರತಿ ಸಲ ಭೇದಿಯಾದ ಮೇಲೆ 100ರಿಂದ 200 ಮಿ.ಲೀ.ನಷ್ಟು ಒಆರ್‌ಎಸ್ ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸಿ. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಪೂರ್ತಿಯಾಗಿ ಕರಗಿಸಬೇಕು. ಚಮಚದಲ್ಲಿ ಸ್ವಲ್ಪ ಸ್ವಲ್ಪ ತೆಗೆದು ಲೋಟಕ್ಕೆ ಹಾಕಿದರೆ ಉಪ್ಪು–ಸಕ್ಕರೆಯ ಪ್ರಮಾಣ ತಪ್ಪುತ್ತದೆ. ಟೆಟ್ರಾ ಪ್ಯಾಕಿನಲ್ಲಿ ಸಿಗುವ ಸಿಹಿ ಪಾನೀಯಗಳು ಇದಕ್ಕೆ ಬದಲಿಯಲ್ಲ. ಮೊಸರನ್ನ, ಗಂಜಿ, ಬಾಳೆಹಣ್ಣು, ಇಡ್ಲಿ ಮಗು ತಿನ್ನುವಷ್ಟು ಕೊಡಿ. ನೆಗಡಿಯಾಗಿದೆ ಎಂದು ಮೊಸರನ್ನು, ಭೇದಿಯಾಗಿದೆ ಎಂದು ಊಟವನ್ನು ನಿಲ್ಲಿಸಿದರೆ ಮಗು ಎರಡೂ ಕಡೆಯಿಂದ ಸೊರಗುತ್ತದೆ. ಲೋಪೆರಮೈಡ್‌ನಂತಹ ಭೇದಿ ಕಟ್ಟುವ ಮಾತ್ರೆಗಳನ್ನು ಈ ವಯಸ್ಸಿನಲ್ಲಿ ಕೊಡಲೇಬಾರದು. ಜಿಂಕ್ ಬೇಕೇ, ಪ್ರೊಬಯಾಟಿಕ್ ಬೇಕೇ ಎಂಬುದನ್ನು ಕರೆಮಾಡಿದಾಗಲೇ ಕೇಳಿಕೊಳ್ಳಿ. ಕುಂಡೆಯ ಸುತ್ತ ಚರ್ಮ ಕೆಂಪಾಗಿ ಉರಿಯುತ್ತಿದ್ದರೆ ಪ್ರತಿ ಸಲ ನೀರಿನಲ್ಲಿ ತೊಳೆದು ಒರೆಸಿ ಒಣಗಿಸಿ, ಚರ್ಮಕ್ಕೆ ತೇವ ತಾಗದಂತೆ ತಡೆಯುವ ಮುಲಾಮು ಹಚ್ಚಿ. ಅಂಚಿನಲ್ಲಿ ಸಣ್ಣ ಕೆಂಪು ಗುಳ್ಳೆಗಳು ಹರಡುತ್ತಿದ್ದರೆ ಶಿಲೀಂಧ್ರದ ಸೋಂಕಾಗಿರಬಹುದು, ಅದಕ್ಕೆ ಬೇರೆ ಮುಲಾಮು ಬೇಕು.

ಭೇದಿಯಲ್ಲಿ ರಕ್ತ ಅಥವಾ ಲೋಳೆ ಕಂಡರೆ, ಮೂತ್ರ ಬಹಳ ಕಡಿಮೆಯಾದರೆ, ಬಾಯಿ ಒಣಗಿ ಕಣ್ಣು ಗುಳಿಬಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಮಗು ಮಂಕಾಗಿ ಬಿದ್ದುಕೊಂಡರೆ ಫೋನಿನಲ್ಲಿ ಮಾತನಾಡುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ. ಆ್ಯಂಟಿಬಯಾಟಿಕ್ ಮುಗಿದ ಕೆಲವು ವಾರಗಳವರೆಗೂ ರಕ್ತಭೇದಿ ಕಾಣಿಸಿಕೊಳ್ಳಬಹುದಾದ್ದರಿಂದ, ಆಗ ತೋರಿಸುವ ವೈದ್ಯರು ಬೇರೆಯವರಾದರೂ ಈ ಔಷಧ ಕೊಟ್ಟಿದ್ದನ್ನು ಹೇಳಿ.

ಕಳೆದ ವರ್ಷದ ಕೆಂಪು ಚುಕ್ಕೆಗಳ ವಿಚಾರವನ್ನು ನಿಮ್ಮ ವೈದ್ಯರಿಗೆ ಈ ಸಲ ಹೇಳಿದ್ದೀರಾ ಎಂಬುದು ಪತ್ರದಿಂದ ತಿಳಿಯುವುದಿಲ್ಲ. ಹೇಳಿಲ್ಲವಾದರೆ ಮುಂದಿನ ಡೋಸಿಗೆ ಮೊದಲು ಹೇಳಿ. ಹೇಳುವಾಗ ಮೂರು ಸಂಗತಿಗಳು ಸ್ಪಷ್ಟವಾಗಿರಲಿ: ಔಷಧ ಶುರುಮಾಡಿದ ಎಷ್ಟನೆಯ ದಿನ, ಡೋಸ್ ಕೊಟ್ಟ ಎಷ್ಟು ಹೊತ್ತಿಗೆ ಎದ್ದಿತು, ನೋಡಲು ಹೇಗಿತ್ತು. ಡೋಸ್ ಕೊಟ್ಟ ಒಂದೆರಡು ಗಂಟೆಯೊಳಗೆ ಪಿತ್ತದ ಗಂಧೆಯಂತೆ ಉಬ್ಬಿ, ತುರಿಸಿ, ಒಂದೆಡೆ ಮಾಯವಾಗಿ ಇನ್ನೊಂದೆಡೆ ಏಳುವ ದದ್ದು ನಿಜವಾದ ತಕ್ಷಣದ ಅಲರ್ಜಿಯ ಸೂಚನೆ. ಅಂಥ ಮಗುವಿಗೆ ಪೆನ್ಸಿಲಿನ್ ಕುಟುಂಬದ ಔಷಧವನ್ನು ತಜ್ಞರ ಪರೀಕ್ಷೆಯಿಲ್ಲದೆ ಮತ್ತೆ ಕೊಡಬಾರದು. ನೀವು ಬರೆದಿರುವ ಹಾಗೆ ನಾಲ್ಕೈದು ದಿನ ಕಳೆದ ಮೇಲೆ, ದಡಾರದಂತೆ ಚಪ್ಪಟೆಯಾದ ಕೆಂಪು ಚುಕ್ಕೆಗಳು ಹೊಟ್ಟೆ–ಬೆನ್ನಿನ ಮೇಲೆ ಎದ್ದು, ಮಗು ಆಟವಾಡಿಕೊಂಡಿದ್ದರೆ, ಅದು ಬಹುತೇಕ ಅಪಾಯಕಾರಿ ಅಲರ್ಜಿಯಲ್ಲ. ಎಷ್ಟೋ ಸಲ ಅದು ಔಷಧದ್ದೇ ಅಲ್ಲ, ಜ್ವರ ತಂದ ವೈರಸ್ಸಿನದು. ಎಪ್‌ಸ್ಟೀನ್–ಬಾರ್ ವೈರಸ್ಸಿನ ಸೋಂಕಿರುವವರಿಗೆ ಅಮಾಕ್ಸಿಸಿಲಿನ್ ಕೊಟ್ಟರೆ ಇಂಥ ದದ್ದು ಏಳುವುದು ವೈದ್ಯರಿಗೆಲ್ಲ ಪರಿಚಿತ.

ಪೆನ್ಸಿಲಿನ್ ಅಲರ್ಜಿ ಇದೆಯೆಂದು ನಂಬಿಕೊಂಡವರನ್ನು ಸರಿಯಾಗಿ ಪರೀಕ್ಷಿಸಿದಾಗ ಬಹುಪಾಲು ಜನರಲ್ಲಿ ಅದು ಇರುವುದಿಲ್ಲ. ಇದು ಸಣ್ಣ ವಿಷಯವಲ್ಲ. ಮೂರು ವರ್ಷದ ಮಗುವಿನ ಆರೋಗ್ಯ ಕಾರ್ಡಿನ ಮೇಲೆ ‘ಪೆನ್ಸಿಲಿನ್ ಅಲರ್ಜಿ’ ಎಂದು ಒಮ್ಮೆ ಬರೆದರೆ ಅದು ಜೀವಮಾನವಿಡೀ ಉಳಿಯುತ್ತದೆ. ಆಮೇಲೆ ಪ್ರತಿ ಸೋಂಕಿಗೂ ಬೇರೆ, ಹೆಚ್ಚು ವ್ಯಾಪಕವಾದ ಆ್ಯಂಟಿಬಯಾಟಿಕ್ ಬೇಕಾಗುತ್ತದೆ. ಹಾಗಾಗಿ ಆ ಪದವನ್ನು ಸುಮ್ಮನೆ ಬರೆಸಿಕೊಳ್ಳಬೇಡಿ, ನಿಜವಾಗಿದ್ದರೆ ಮರೆಯಲೂ ಬೇಡಿ. ಮುಂದೆ ಎಂದಾದರೂ ದದ್ದು ಎದ್ದರೆ ಮೊಬೈಲಿನಲ್ಲಿ ಹಗಲು ಬೆಳಕಿನಲ್ಲಿ ಫೋಟೊ ತೆಗೆದಿಡಿ. ಅದು ನಿಮ್ಮ ವೈದ್ಯರಿಗೆ ಒಂದು ಪುಟದ ವರ್ಣನೆಗಿಂತ ಉಪಯುಕ್ತ. ತುಟಿ, ಕಣ್ಣರೆಪ್ಪೆ ಊದಿಕೊಂಡರೆ, ಉಸಿರಾಟದಲ್ಲಿ ಸುಯ್ಯೆಂಬ ಶಬ್ದ ಬಂದರೆ, ಮಗು ಬಿಳಿಚಿಕೊಂಡು ತೂಕಡಿಸಿದರೆ, ಬಾಯಿ–ಕಣ್ಣಿನಲ್ಲಿ ಹುಣ್ಣು ಅಥವಾ ಚರ್ಮದಲ್ಲಿ ನೀರುಗುಳ್ಳೆ ಕಂಡರೆ ಔಷಧವನ್ನು ತಕ್ಷಣ ನಿಲ್ಲಿಸಿ. ಉಸಿರಿನ ತೊಂದರೆಯಿದ್ದರೆ 108ಕ್ಕೆ ಕರೆಮಾಡಿ. ಈ ಹಿಂದೆ ಇದೇ ಜೋಡಿ ಔಷಧದಿಂದ ಕಾಮಾಲೆ ಬಂದ ಮಗುವಿಗೆ ಇದನ್ನು ಮತ್ತೆ ಕೊಡುವಂತಿಲ್ಲ. ಯಕೃತ್ತಿನ ಈ ತೊಂದರೆ ಹೆಚ್ಚಾಗಿ ವಯಸ್ಸಾದವರದು, ಮಕ್ಕಳಲ್ಲಿ ವಿರಳ. ಆದರೂ ಔಷಧ ಮುಗಿದ ಕೆಲವು ವಾರಗಳ ಮೇಲೂ ಬರಬಹುದಾದ್ದರಿಂದ ಮೂತ್ರ ಗಾಢವಾಗಿ ಕಣ್ಣು ಹಳದಿಯಾದರೆ ತೋರಿಸಿ. ಮೂತ್ರಪಿಂಡದ ಕಾಯಿಲೆಯಿರುವ ಮಕ್ಕಳಿಗೆ ಡೋಸನ್ನು ಬದಲಿಸಬೇಕಾಗುತ್ತದೆ. ಮೂರು ತಿಂಗಳು ತುಂಬದ ಕೂಸಿಗೆ ಜ್ವರ ಬಂದರೆ ಮನೆಯಲ್ಲಿ ಯಾವ ಆ್ಯಂಟಿಬಯಾಟಿಕ್ಕನ್ನೂ ಕೊಡದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಯಜಮಾನರ 625 ಮಾತ್ರೆಯನ್ನು ಮುರಿದು ಕೊಡಬೇಡಿ. ಏಕೆಂದು ಲೆಕ್ಕ ಹಾಕಿಯೇ ತೋರಿಸುತ್ತೇನೆ. 625 ಎಂದರೆ 500 ಮಿ.ಗ್ರಾಂ. ಅಮಾಕ್ಸಿಸಿಲಿನ್ ಮತ್ತು 125 ಮಿ.ಗ್ರಾಂ. ಕ್ಲಾವುಲಾನೇಟ್, 375 ಎಂದರೆ 250 ಮತ್ತು ಅದೇ 125. ಸಿರಪ್ಪಿನಲ್ಲಿ ಏಳಕ್ಕೆ ಒಂದಿರುವ ಅನುಪಾತ 625ರಲ್ಲಿ ನಾಲ್ಕಕ್ಕೆ ಒಂದು, 375ರಲ್ಲಿ ಎರಡಕ್ಕೆ ಒಂದು. ನಿಮ್ಮ ಮಗುವಿಗೆ ಬೇಕಾದ 280 ಮಿ.ಗ್ರಾಂ. ಅಮಾಕ್ಸಿಸಿಲಿನ್ ಅನ್ನು 457ರ ಸಿರಪ್ಪಿನಿಂದ ಕೊಟ್ಟಾಗ ಜೊತೆಗೆ 40 ಮಿ.ಗ್ರಾಂ. ಕ್ಲಾವುಲಾನೇಟ್ ಹೋಗುತ್ತದೆ, 625ರಿಂದಾದರೆ 70, 375ರಿಂದಾದರೆ 140. ಕೊನೆಯದರಲ್ಲಿ ದಿನದ ಮೊತ್ತ ಕೆ.ಜಿ.ಗೆ 21 ಮಿ.ಗ್ರಾಂ. ದಾಟುತ್ತದೆ, ಆಗಿನ ಭೇದಿ ಈಗಿನದರಂತೆ ಇರುವುದಿಲ್ಲ. ಮುರಿದು 625ರ ಕಾಲು ಭಾಗವನ್ನೇ ಕೊಟ್ಟರೆ ಸಿಗುವ ಅಮಾಕ್ಸಿಸಿಲಿನ್ 125 ಮಿ.ಗ್ರಾಂ.; ಈಗಿನ ಅರ್ಧ ಡೋಸಿಗಿಂತಲೂ ಕಡಿಮೆ. ಎರಡು 375 ಸೇರಿದರೆ ಒಂದು 625ಕ್ಕೆ ಸಮ ಎಂದು ದೊಡ್ಡವರೂ ಭಾವಿಸಬಾರದು, ಕ್ಲಾವುಲಾನೇಟ್ ಇಮ್ಮಡಿಯಾಗುತ್ತದೆ. 375ರ ಮಾತ್ರೆಯನ್ನು 40 ಕೆ.ಜಿ. ತೂಗದ ಮಕ್ಕಳಿಗೆ ಕೊಡಬಾರದೆಂಬ ಸೂಚನೆಯೂ ಇದೇ ಕಾರಣದಿಂದ ಬಂದದ್ದು. ಹೆಚ್ಚಿನ ಅಮಾಕ್ಸಿಸಿಲಿನ್ ಬೇಕಾದ ಕಿವಿಯ ಸೋಂಕುಗಳಿಗಾಗಿ ಪ್ರತಿ 5 ಮಿ.ಲೀ.ಗೆ 600 ಮತ್ತು 42.9 ಮಿ.ಗ್ರಾಂ. ಇರುವ ಬೇರೆ ಸಿರಪ್ ಸಿಗುತ್ತದೆ. ಅದರಲ್ಲಿ ಕೆ.ಜಿ.ಗೆ 90 ಮಿ.ಗ್ರಾಂ. ಅಮಾಕ್ಸಿಸಿಲಿನ್ ಕೊಟ್ಟರೂ ಕ್ಲಾವುಲಾನೇಟ್ 6.4ರಲ್ಲೇ ನಿಲ್ಲುತ್ತದೆ. ಇದನ್ನೂ 457ರ ಬದಲಿಗೆ ಅದೇ ಮಿ.ಲೀ.ನಲ್ಲಿ ಕೊಡುವಂತಿಲ್ಲ.

ಬಾಟಲಿ ಮುಗಿಯುವ ಮಾತು ಬಂದದ್ದು ಒಳ್ಳೆಯದಾಯಿತು. ನಮ್ಮಲ್ಲಿ ಈ ಸಿರಪ್ಪಿನ ಬಾಟಲಿಗಳು ಹೆಚ್ಚಾಗಿ 30 ಮಿ.ಲೀ.ನವು. 457ನ್ನು ದಿನಕ್ಕೆ 7 ಮಿ.ಲೀ. ಬಳಸಿದರೆ ಒಂದು ಬಾಟಲಿ ನಾಲ್ಕು ದಿನಕ್ಕೆ ಮುಗಿಯುತ್ತದೆ. ಏಳು ದಿನಕ್ಕೆ 49 ಮಿ.ಲೀ. ಬೇಕು, ಎಂದರೆ ಎರಡು ಬಾಟಲಿ. 228.5ರಲ್ಲಿ ದಿನಕ್ಕೆ 14 ಮಿ.ಲೀ. ಆಗುವುದರಿಂದ ಒಂದು ಬಾಟಲಿ ಎರಡೇ ದಿನಕ್ಕೆ ಬರಿದಾಗುತ್ತದೆ. ಬಾಟಲಿ ಖಾಲಿಯಾದ ದಿನವೇ ಚಿಕಿತ್ಸೆ ಮುಗಿಯಿತೆಂದು ತಿಳಿಯುವವರು ಬಹಳ ಮಂದಿ. ಎರಡು ಬಾಟಲಿ ತಂದಾಗ ಒಂದನ್ನು ಮಾತ್ರ ಕಲಸಿ. ಇನ್ನೊಂದು ಪುಡಿಯಾಗಿಯೇ ಇರಲಿ.

ಕಲಸುವ ಕ್ರಮಕ್ಕೂ ಕ್ಲಾವುಲಾನೇಟೇ ಕಾರಣ; ತೇವ ಮತ್ತು ಬಿಸಿ ತಾಗಿದರೆ ಅದು ಅಮಾಕ್ಸಿಸಿಲಿನ್‌ಗಿಂತ ಬೇಗ ಕೆಡುತ್ತದೆ. ಮುಚ್ಚಳ ತೆಗೆಯುವ ಮೊದಲು ಬಾಟಲಿಯನ್ನು ಅಂಗೈಗೆ ತಟ್ಟಿ ತಳಕ್ಕೆ ಅಂಟಿರುವ ಪುಡಿಯನ್ನು ಬಿಡಿಸಿ. ಪುಡಿ ಗಟ್ಟಿಯಾಗಿ ಹೆಪ್ಪುಗಟ್ಟಿದ್ದರೆ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಅಂಗಡಿಗೆ ಹಿಂತಿರುಗಿಸಿ. ಪೆಟ್ಟಿಗೆಯಲ್ಲಿ ಶುದ್ಧ ನೀರಿನ ಪುಟ್ಟ ಬಾಟಲಿ ಇದ್ದರೆ ಅದರ ನೀರನ್ನೇ ಬಳಸಿ. ಇಲ್ಲದಿದ್ದರೆ ಕುದಿಸಿ ಪೂರ್ತಿ ಆರಿಸಿದ ನೀರು. ಬೇಗ ಕರಗಲೆಂದು ಬಿಸಿನೀರು ಹಾಕುವುದು ಔಷಧವನ್ನು ಕೈಯಾರೆ ಹಾಳುಮಾಡಿದಂತೆ. ಗುರುತಿನ ಗೆರೆಯ ಅರ್ಧದಷ್ಟು ನೀರು ಹಾಕಿ, ಮುಚ್ಚಿ, ಚೆನ್ನಾಗಿ ಕುಲುಕಿ. ನೊರೆ ಇಳಿಯುವವರೆಗೆ ಬಿಟ್ಟು, ಆಮೇಲೆ ಗೆರೆಯವರೆಗೆ ನೀರು ತುಂಬಿ ಮತ್ತೆ ಕುಲುಕಿ. ನೊರೆಯನ್ನೇ ಮಟ್ಟವೆಂದು ಎಣಿಸಿದರೆ ನೀರು ಕಡಿಮೆಯಾಗಿ ಔಷಧ ಗಾಢವಾಗುತ್ತದೆ. ಕಲಸಿದ ದಿನಾಂಕವನ್ನು ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆಯಿರಿ. ಫ್ರಿಜ್ಜಿನಲ್ಲಿ, ಫ್ರೀಜರಿನಲ್ಲೂ ಬಾಗಿಲಿನಲ್ಲೂ ಅಲ್ಲ, ನಡುವಿನ ಅಂಕಣದಲ್ಲಿಡಿ. ಲೇಬಲ್ ಬೇರೆ ಹೇಳದಿದ್ದರೆ ಏಳು ದಿನಕ್ಕೆ ಅದರ ಆಯುಷ್ಯ ಮುಗಿಯಿತು. ಕರೆಂಟ್ ಕೆಲವು ಗಂಟೆ ಹೋದರೆ ಬಾಗಿಲು ತೆರೆಯದೆ ಬಿಡಿ, ಔಷಧ ಕೆಡುವುದಿಲ್ಲ.

ಫ್ರಿಜ್ ಇಲ್ಲದ ಮನೆಯಾದರೆ ಚೀಟಿ ಬರೆಯುವಾಗಲೇ ವೈದ್ಯರಿಗೆ ಹೇಳಿ. ನೀರಿನಲ್ಲಿ ಕರಗುವ ಮಕ್ಕಳ ಮಾತ್ರೆಗಳು, ಡಿ.ಟಿ. ಎಂದು ಬರೆದಿರುವಂಥವು, ಇದೇ ಏಳಕ್ಕೆ ಒಂದರ ಅನುಪಾತದಲ್ಲಿ ಸಿಗುತ್ತವೆ. ಏಪ್ರಿಲ್–ಮೇ ತಿಂಗಳ ಕಲಬುರಗಿ, ರಾಯಚೂರಿನ ಸೆಕೆಯಲ್ಲಿ ಹೊರಗಿಟ್ಟ ಸಿರಪ್‌ಗಿಂತ ಅವೇ ಮೇಲು. ಅವನ್ನೂ ಕೊಡುವ ಹೊತ್ತಿಗೆ ಮಾತ್ರ ಹಾಳೆಯಿಂದ ಬಿಡಿಸಬೇಕು, ಮೊದಲೇ ತೆಗೆದು ಡಬ್ಬಿಯಲ್ಲಿ ಹಾಕಿಡಬಾರದು.

ಪ್ರತಿ ಡೋಸಿಗೂ ಮೊದಲು ಬಾಟಲಿ ಕುಲುಕಿ. ಇಲ್ಲದಿದ್ದರೆ ಮೊದಲ ದಿನಗಳಲ್ಲಿ ಮಗುವಿಗೆ ತಿಳಿನೀರು, ಕೊನೆಯಲ್ಲಿ ತಳದ ಗಸಿ ಸಿಗುತ್ತದೆ. ಅಳತೆಗೆ ಸೂಜಿಯಿಲ್ಲದ 5 ಅಥವಾ 10 ಮಿ.ಲೀ. ಸಿರಿಂಜ್ ಉತ್ತಮ. 3.5 ಮಿ.ಲೀ.ಯನ್ನು ಮುಚ್ಚಳದ ಕಪ್ಪಿನಲ್ಲಿ ನಿಖರವಾಗಿ ಅಳೆಯಲಾಗುವುದಿಲ್ಲ, ಅಡುಗೆಮನೆಯ ಚಮಚಗಳಂತೂ ಒಂದರಂತೆ ಇನ್ನೊಂದಿಲ್ಲ. ಸಿರಿಂಜಿನ ತುದಿಯನ್ನು ಕೆನ್ನೆಯ ಒಳಬದಿಗೆ ಇಟ್ಟು ಸ್ವಲ್ಪ ಸ್ವಲ್ಪವಾಗಿ ಬಿಡಿ. ಅಳುವ ಮಗುವಿನ ಮೂಗು ಹಿಡಿದು ಗಂಟಲಿಗೆ ಸುರಿಯಬೇಡಿ. ಕೊಟ್ಟ ಅರ್ಧ ಗಂಟೆಯೊಳಗೆ ವಾಂತಿಯಾದರೆ ಅದೇ ಡೋಸನ್ನು ಇನ್ನೊಮ್ಮೆ ಕೊಡಬಹುದು, ಆಮೇಲಾದರೆ ಬೇಡ. ಒಂದು ಹೊತ್ತು ಮರೆತರೆ ನೆನಪಾದಾಗ ಕೊಡಿ. ಮುಂದಿನ ಡೋಸಿನ ಹೊತ್ತು ಸಮೀಪಿಸಿದ್ದರೆ ಮರೆತದ್ದನ್ನು ಬಿಟ್ಟುಬಿಡಿ, ಎರಡನ್ನು ಸೇರಿಸಬೇಡಿ.

ಎಷ್ಟು ದಿನ ಎಂಬುದಕ್ಕೆ ಒಂದೇ ಉತ್ತರವಿಲ್ಲ, ಮತ್ತು ಈ ವಿಷಯದಲ್ಲಿ ನಾವು ವೈದ್ಯರೂ ಕಳೆದ ಹತ್ತು ವರ್ಷಗಳಲ್ಲಿ ಅಭಿಪ್ರಾಯ ಬದಲಿಸಿಕೊಂಡಿದ್ದೇವೆ. ಮನೆಯಲ್ಲೇ ಚಿಕಿತ್ಸೆ ಪಡೆಯುವ ಮಕ್ಕಳ ನ್ಯುಮೋನಿಯಾಕ್ಕೆ ಹತ್ತು ದಿನ ಬೇಕಿಲ್ಲ, ಐದು ದಿನ ಸಾಕೆಂದು ಕೆನಡಾ ಮತ್ತು ಅಮೆರಿಕದಲ್ಲಿ ನಡೆದು 2021–22ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿವೆ. ಆದರೆ ಕಿವಿಯ ಸೋಂಕಿನ ಕಥೆ ಬೇರೆ. 6ರಿಂದ 23 ತಿಂಗಳ ಮಕ್ಕಳಿಗೆ ಇದೇ ಜೋಡಿ ಔಷಧವನ್ನು ಐದು ದಿನ ಮತ್ತು ಹತ್ತು ದಿನ ಕೊಟ್ಟು ಹೋಲಿಸಿದ, 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಐದು ದಿನದವರಲ್ಲಿ ಶೇ. 34 ಮಂದಿಗೆ, ಹತ್ತು ದಿನದವರಲ್ಲಿ ಶೇ. 16 ಮಂದಿಗೆ ಚಿಕಿತ್ಸೆ ವಿಫಲವಾಯಿತು. ಎರಡು ವರ್ಷ ದಾಟಿದ ಮಕ್ಕಳಿಗೆ ಸಾಮಾನ್ಯವಾಗಿ ಏಳು ದಿನ ಹೇಳುತ್ತಾರೆ; ನಿಮ್ಮ ಮಗುವಿಗೆ ಬರೆದದ್ದೂ ಅದೇ. ಹಾಗಾಗಿ ಜ್ವರ ಬಿಟ್ಟ ಮಾತ್ರಕ್ಕೆ ನಿಲ್ಲಿಸಬೇಡಿ. ಅಂತೆಯೇ ಬಾಟಲಿಯಲ್ಲಿ ಉಳಿದಿದೆಯೆಂದು ಎಂಟನೆಯ ದಿನಕ್ಕೆ ಎಳೆಯಲೂ ಬೇಡಿ. ಉಳಿದದ್ದನ್ನು ಮುಂದಿನ ಸಲಕ್ಕೆಂದೋ ಪಕ್ಕದ ಮನೆಯ ಮಗುವಿಗೆಂದೋ ಇಡುವುದರಲ್ಲಿ ಅರ್ಥವಿಲ್ಲ. ವಾರ ಕಳೆದ ಮೇಲೆ ಅದರ ಶಕ್ತಿ ಎಷ್ಟಿದೆಯೆಂದು ಯಾರೂ ಹೇಳಲಾರರು. ಲೇಬಲ್ಲಿನ ಎಡಬದಿಯ ಕೆಂಪು ಗೆರೆ ಇದು ವೈದ್ಯರ ಚೀಟಿಯಿಲ್ಲದೆ ಕೊಳ್ಳುವ ಔಷಧವಲ್ಲ ಎಂಬುದನ್ನು ಸೂಚಿಸುತ್ತದೆ. ಮನೆಯಲ್ಲಿರುವ ಹಳೆಯ ಬಾಟಲಿಗೂ ಆ ಗೆರೆ ಅನ್ವಯಿಸುತ್ತದೆ.

ಸರಿಯಾದ ಡೋಸ್ ಶುರುವಾದ 48ರಿಂದ 72 ಗಂಟೆಯೊಳಗೆ ಕಿವಿನೋವು ಕಡಿಮೆಯಾಗಬೇಕು. ಜ್ವರ ಮರಳಿದರೆ, ಕಿವಿಯ ಹಿಂಭಾಗ ಊದಿ ಕಿವಿ ಮುಂದಕ್ಕೆ ಚಾಚಿಕೊಂಡರೆ, ಕುತ್ತಿಗೆ ಬಿಗಿದುಕೊಂಡರೆ, ಮುಖ ಒಂದು ಕಡೆಗೆ ವಾಲಿದರೆ ಅದೇ ದಿನ ತೋರಿಸಬೇಕು. ಸೋಂಕು ವಾಸಿಯಾದ ಮೇಲೂ ತಮಟೆಯ ಹಿಂದೆ ಕೆಲವು ವಾರ ನೀರು ಉಳಿದು, ಕರೆದಾಗ ಮಗು ತಡವಾಗಿ ತಿರುಗುವುದು, ಟಿ.ವಿ. ಜೋರು ಮಾಡುವುದು ಸಾಮಾನ್ಯ. ಅದಕ್ಕೆ ಆ್ಯಂಟಿಬಯಾಟಿಕ್ಕನ್ನು ಮುಂದುವರಿಸಬೇಕಾಗಿಲ್ಲ. ಮೂರು ತಿಂಗಳಾದರೂ ಹಾಗೆಯೇ ಇದ್ದರೆ ಶ್ರವಣ ಪರೀಕ್ಷೆ ಮಾಡಿಸಿ.